ಹಳೆಯ ಲಾರಿಯ ಮಡ್‌ಗಾರ್ಡ್: ತಗಡಿನಿಂದ ಬದಲಿ ಭಾಗ ರೂಪಿಸುವ ಕ್ರಮ

ಹಳೆಯ ಲಾರಿಯ ಎಂಜಿನ್ನಿಗೆ ಬಿಡಿಭಾಗ ದೊರೆಯಬಹುದು, ಅದರ ಮೈತಗಡಿಗೆ ದೊರೆಯುವುದು ಕಷ್ಟ. ಇದು ಇಂತಹ ವಾಹನಗಳನ್ನು ಇಟ್ಟುಕೊಂಡಿರುವವರೆಲ್ಲರ ಅನುಭವ. ಬೇರಿಂಗ್, ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್ ಮುಂತಾದವು ಸವೆಯುವ ಭಾಗಗಳಾದ್ದರಿಂದ ಅವುಗಳಿಗೆ ನಿರಂತರ ಬೇಡಿಕೆಯಿರುತ್ತದೆ, ತಯಾರಕರೂ ಹಲವರಿರುತ್ತಾರೆ. ಮೈತಗಡಿನ ಭಾಗಗಳಾದರೋ ಭಾರಿ ಪ್ರೆಸ್ಸುಗಳಲ್ಲಿ, ದುಬಾರಿ ಅಚ್ಚುಗಳಿಂದ ಒತ್ತಿ ತೆಗೆದಂಥವು. ಮಾದರಿಯ ತಯಾರಿಕೆ ನಿಂತೊಡನೆ ಆ ಅಚ್ಚುಗಳಿಗೂ ಕೆಲಸವಿಲ್ಲದಾಗುತ್ತದೆ. ಅನಂತರ ಉಳಿಯುವ ದಾರಿ ಒಂದೇ: ನುರಿತ ಟಿಂಕರನ ಕೈಯಲ್ಲಿ ಹೊಸ ತಗಡಿನಿಂದ ಆ ಭಾಗವನ್ನು ರೂಪಿಸಿಕೊಳ್ಳುವುದು.

ಟಾಟಾ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿಯು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದೊಡನೆ 1954ರಲ್ಲಿ ಲಾರಿ ತಯಾರಿಕೆಯನ್ನು ಆರಂಭಿಸಿತು. 1969ರಲ್ಲಿ ಆ ಸಹಯೋಗ ಕೊನೆಗೊಂಡಿತು. ಆ ಕಾಲದ ಬಾನೆಟ್ ಮುಂಚಾಚಿದ ಲಾರಿಗಳು ಇಂದಿಗೂ ಅಲ್ಲಲ್ಲಿ ಉಳಿದುಕೊಂಡಿವೆ. ಚಾಸಿಸ್ಸನ್ನು ಕೊಂಡು, ಕ್ಯಾಬಿನ್ ಹಾಗೂ ಸರಕು ತೊಟ್ಟಿಯನ್ನು ಸ್ಥಳೀಯ ಬಾಡಿ ಬಿಲ್ಡರ್‌ಗಳಿಂದ ಕಟ್ಟಿಸುವುದು ನಮ್ಮ ದೇಶದಲ್ಲಿ ಬಹುಕಾಲದ ರೂಢಿ. ಆದುದರಿಂದ ಕ್ಯಾಬಿನ್ನಿನ ದುರಸ್ತಿ ನಮ್ಮ ಕಾರ್ಯಾಗಾರಗಳಿಗೆ ಹೊಸದಲ್ಲ. ಅದರ ಬಹುಭಾಗ ಚಪ್ಪಟೆ ತಗಡು ಮತ್ತು ಸರಳ ಮಡಿಕೆಗಳ ಕೆಲಸ. ಕಾರ್ಖಾನೆಯಿಂದಲೇ ಒತ್ತಿ ಬಂದ ದುಂಡನೆಯ ಮುಂಭಾಗದ ಮಡ್‌ಗಾರ್ಡ್ ಹಾಗಲ್ಲ. ಅದು ಉದ್ದಕ್ಕೂ ಬಾಗಿದೆ, ಅಡ್ಡಕ್ಕೂ ಬಾಗಿದೆ. ಈ ಜೋಡಿ ಬಾಗನ್ನು ಕೈಯಿಂದ ಮೂಡಿಸುವುದರಲ್ಲಿಯೇ ವೃತ್ತಿಯ ನಿಜವಾದ ಪರೀಕ್ಷೆಯಿದೆ. ಅಂತಹ ಮಡ್‌ಗಾರ್ಡಿನ ತುಕ್ಕು ತಿಂದ ಹಿಂಭಾಗವನ್ನು ಹೊಸದಾಗಿ ರೂಪಿಸುವ ಕ್ರಮವನ್ನೂ, ಆ ಕೆಲಸದ ಬೆಲೆ ಕಟ್ಟುವ ವಿಧಾನವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲು ನಿರ್ಧರಿಸಬೇಕಾದುದು

ಮಡ್‌ಗಾರ್ಡಿನ ಹಿಂಬದಿಯ ಕೆಳತುದಿಯಲ್ಲಿ ಚಕ್ರ ಎರಚಿದ ಕೆಸರು ಕೂರುತ್ತದೆ. ಕೆಸರು ಒಣಗಿದಂತೆ ಕಂಡರೂ ಒಳಗೆ ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಕ್ಯಾಬಿನ್ನಿನೊಡನೆ ಸೇರುವ ಅಂಚಿನ ಬೀಡಿಂಗ್ ಪಟ್ಟಿಯ ಅಡಿ, ತಂತಿಯಿಟ್ಟು ಸುರುಳಿದ ಅಂಚಿನ ಒಳಗು ಇವು ನೀರು ನಿಲ್ಲುವ ಇತರ ಸ್ಥಳಗಳು. ತುಕ್ಕು ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ಬರುವುದರಿಂದ, ಬಣ್ಣದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಲೆ ಕಂಡರೆ ಒಳಬದಿಯಲ್ಲಿ ಅಂಗೈಯಗಲ ತಗಡು ಹೋಗಿರುವುದುಂಟು. ಬಣ್ಣ ಮತ್ತು ಹಳೆಯ ಪಟ್ಟಿಯನ್ನು ಪೂರ್ತಿ ತೆಗೆದು, ಮೊನಚು ಚಾಣದಿಂದ ಚುಚ್ಚಿ ನೋಡಿ, ಗಟ್ಟಿ ತಗಡು ಸಿಗುವವರೆಗೂ ಗುರುತು ಹಾಕಬೇಕು. ಕತ್ತರಿಸುವ ಗೆರೆ ಗಟ್ಟಿ ತಗಡಿನಲ್ಲಿಯೇ ಇರತಕ್ಕದ್ದು. ತುಕ್ಕು ಹಿಡಿದು ತೆಳುವಾದ ತಗಡಿಗೆ ಬೆಸುಗೆ ಹಾಕಹೊರಟರೆ ರಂಧ್ರ ದೊಡ್ಡದಾಗುತ್ತದೆಯೇ ಹೊರತು ಮುಚ್ಚುವುದಿಲ್ಲ.

ಮಡ್‌ಗಾರ್ಡ್, ಬಾಗಿಲ ಹೊದಿಕೆ, ಕಾಲುಮೆಟ್ಟಿಲಿನ ಪಕ್ಕದ ತಗಡು ಇವು ಭಾರ ಹೊರದ ಭಾಗಗಳು. ಇವುಗಳನ್ನು ಕಾರ್ಯಾಗಾರದಲ್ಲಿ ರೂಪಿಸಲು ಅಡ್ಡಿಯಿಲ್ಲ. ಚಾಸಿಸ್ ಫ್ರೇಮ್, ಸ್ಟಿಯರಿಂಗ್ ಬಾಕ್ಸ್ ಕೂರುವ ಬ್ರಾಕೆಟ್, ಕ್ಯಾಬಿನ್ ಆಧಾರಗಳು ಈ ಸಾಲಿಗೆ ಸೇರವು. ಅವುಗಳ ಉಕ್ಕಿನ ಗುಣ, ದಪ್ಪ, ಬೆಸುಗೆಯ ಸ್ಥಾನ ಎಲ್ಲವೂ ಜೀವರಕ್ಷಣೆಗೆ ಸಂಬಂಧಿಸಿದವು. ಮಡ್‌ಗಾರ್ಡನ್ನು ಬಿಚ್ಚಿದಾಗ ಅಂತಹ ಭಾಗದಲ್ಲಿ ಬಿರುಕು ಕಂಡುಬಂದರೆ ಮಾಲೀಕರಿಗೆ ಲಿಖಿತವಾಗಿ ತಿಳಿಸುವುದು ಕಾರ್ಯಾಗಾರದ ಹೊಣೆ.

ಲೋಹದ ಆಯ್ಕೆ

ಈ ಕೆಲಸಕ್ಕೆ ಐ.ಎಸ್. 513 ಮಾನಕದ, ತಣ್ಣಗೆ ಉರುಳಿಸಿ ಹದಗೊಳಿಸಿದ ಮೃದು ಉಕ್ಕಿನ ತಗಡು ಸೂಕ್ತ. ಅದರಲ್ಲಿಯೂ ‘ಡೀಪ್ ಡ್ರಾಯಿಂಗ್’ ದರ್ಜೆಯದನ್ನು ಕೇಳಿ ಪಡೆಯಬೇಕು. ಸಾಧಾರಣ ದರ್ಜೆಯ ತಗಡು ಆಳವಾದ ಬಾಗಿಗೆ ಬೇಗ ಬಿರಿಯುತ್ತದೆ. ಸತು ಲೇಪಿತ ತಗಡು ತುಕ್ಕು ತಡೆಯುತ್ತದೆಂಬ ಕಾರಣಕ್ಕೆ ಅದನ್ನು ಆರಿಸುವವರಿದ್ದಾರೆ. ಬೆಸೆಯುವಾಗ ಅದರಿಂದ ಏಳುವ ಸತುವಿನ ಹೊಗೆ ಕೆಲಸಗಾರನಿಗೆ ಜ್ವರ ಬರಿಸುತ್ತದೆ. ಬೆಸುಗೆಯಲ್ಲಿಯೂ ಗುಳ್ಳೆಗಳು ಉಳಿಯುತ್ತವೆ.

ದಪ್ಪವನ್ನು ಊಹಿಸಬಾರದು. ಹಳೆಯ ಭಾಗದಲ್ಲಿ ತುಕ್ಕಿಲ್ಲದ ಒಂದೆಡೆ ಬಣ್ಣ ಕೆರೆದು ಮೈಕ್ರೋಮೀಟರಿನಿಂದ ಅಳೆಯಬೇಕು. ಇಲ್ಲಿ ಉದಾಹರಣೆಗೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ತಗಡನ್ನು ತೆಗೆದುಕೊಳ್ಳೋಣ. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕಿ.ಗ್ರಾಂ. ಆಗಿರುವುದರಿಂದ ಈ ತಗಡು ಚದರ ಮೀಟರಿಗೆ ಸುಮಾರು 9.4 ಕಿ.ಗ್ರಾಂ. ತೂಗುತ್ತದೆ, 8 ಅಡಿ ಉದ್ದ, 4 ಅಡಿ ಅಗಲದ ಪೂರ್ಣ ಹಾಳೆ ಸುಮಾರು 28 ಕಿ.ಗ್ರಾಂ. ಆಗುತ್ತದೆ. ತಗಡಿನ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ ಖರ್ಚು ಉಳಿಸಲು 0.9 ಮಿ.ಮೀ. ತಗಡು ಬಳಸಿದರೆ ಬಿಗಿತ ಅರ್ಧಕ್ಕಿಂತಲೂ ಕಡಿಮೆಯಾಗಿ, ಮಡ್‌ಗಾರ್ಡ್ ಓಟದಲ್ಲಿ ನಡುಗುತ್ತದೆ. ‘ಗಟ್ಟಿಮುಟ್ಟಾಗಿರಲಿ’ ಎಂದು 2 ಮಿ.ಮೀ. ತಗಡು ಬಳಸುವುದೂ ತಪ್ಪೇ. ಅದು ಸುತ್ತಿಗೆಗೆ ಮಣಿಯುವುದಿಲ್ಲ, ಹೆಚ್ಚಿದ ತೂಕಕ್ಕೆ ಹಿಡಿಕೆಯ ಬೋಲ್ಟುಗಳ ಸುತ್ತ ಬಿರುಕು ಮೂಡುತ್ತದೆ. ಮಡ್‌ಗಾರ್ಡಿಗೆ ಬಲ ಬರುವುದು ಬಾಗಿನಿಂದ ಮತ್ತು ಅಂಚಿನ ತಂತಿಯಿಂದ.

ನಮೂನೆ ತೆಗೆಯುವ ಬಗೆ

ನಮೂನೆಗಳು ಎರಡು ಬಗೆಯವು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅರ್ಧದಷ್ಟು ಕೆಲಸ ಕೆಡುತ್ತದೆ. ಮೊದಲನೆಯದು ವಿಸ್ತೀರ್ಣದ ನಮೂನೆ: ಮೇಲ್ಮೈಗೆ ದಪ್ಪ ಕಾಗದವನ್ನು ಹೊದಿಸಿ, ಅಂಚುಗಳನ್ನೂ ತೂತುಗಳನ್ನೂ ಗುರುತಿಸಿ ಕತ್ತರಿಸಿದ್ದು. ಎರಡನೆಯದು ಆಕಾರದ ನಮೂನೆ: ಭಾಗದ ಅಡ್ಡಕೊಯ್ತವನ್ನು ತೋರಿಸುವಂತೆ ಪ್ಲೈವುಡ್ ಅಥವಾ ತೆಳು ತಗಡಿನಿಂದ ಕತ್ತರಿಸಿದ ಕಮಾನುಗಳು. ಸುಮಾರು 150 ಮಿ.ಮೀ.ಗೊಂದರಂತೆ ಅಡ್ಡ ಕಮಾನುಗಳು, ಜೊತೆಗೆ ಉದ್ದಕ್ಕೊಂದು ಕಮಾನು ಇರಬೇಕು. ಕಾಗದವು ಎಷ್ಟು ತಗಡು ಬೇಕೆಂಬುದನ್ನು ಹೇಳುತ್ತದೆ; ಕಮಾನು ಅದು ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುತ್ತದೆ.

ಜೋಡಿ ಬಾಗಿನ ಮೇಲೆ ಕಾಗದ ಸಮನಾಗಿ ಕೂರುವುದಿಲ್ಲ. ಅಂಚಿನಲ್ಲಿ ನೆರಿಗೆ ಬೀಳುತ್ತದೆ ಅಥವಾ ನಡುವೆ ಹರಿಯಬೇಕಾಗುತ್ತದೆ. ಇದನ್ನು ಕಾಗದದ ದೋಷವೆಂದು ತಿಳಿಯದೆ ಸೂಚನೆಯೆಂದು ತಿಳಿಯಬೇಕು. ನೆರಿಗೆ ಬಿದ್ದಲ್ಲಿ ತಗಡನ್ನು ಕುಗ್ಗಿಸಬೇಕು. ಹರಿದು ಬಾಯಿಬಿಟ್ಟಲ್ಲಿ ಹಿಗ್ಗಿಸಬೇಕು. ಆ ಸ್ಥಳಗಳನ್ನು ಕಾಗದದ ಮೇಲೆಯೇ ಬರೆದಿಟ್ಟುಕೊಂಡರೆ ಮುಂದಿನ ಕೆಲಸದ ನಕ್ಷೆ ಸಿದ್ಧವಾದಂತೆ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಮಡ್‌ಗಾರ್ಡಿನ ಬೆನ್ನು ಚಕ್ರದ ಕೇಂದ್ರದಿಂದ 560 ಮಿ.ಮೀ. ದೂರದಲ್ಲಿಯೂ, ಕೆಳಕ್ಕಿಳಿದ ಅಂಚು 500 ಮಿ.ಮೀ. ದೂರದಲ್ಲಿಯೂ ಇದೆಯೆಂದು ಇಟ್ಟುಕೊಳ್ಳೋಣ. ಕಾಲು ವೃತ್ತದಷ್ಟು ಉದ್ದದ ತುಂಡಿನಲ್ಲಿ ಬೆನ್ನಿನ ಉದ್ದ ಸುಮಾರು 880 ಮಿ.ಮೀ.; ಅಂಚಿನ ಉದ್ದ ಸುಮಾರು 785 ಮಿ.ಮೀ. ವ್ಯತ್ಯಾಸ 94 ಮಿ.ಮೀ.ನಷ್ಟು. ಚಪ್ಪಟೆ ಹಾಳೆಯಲ್ಲಿ ಎರಡೂ ಸಮವಾಗಿದ್ದವು. ಈ 94 ಮಿ.ಮೀ. ಅನ್ನು ಬೆನ್ನಿನಲ್ಲಿ ಹಿಗ್ಗಿಸಿಯೋ, ಅಂಚಿನಲ್ಲಿ ಕುಗ್ಗಿಸಿಯೋ, ಎರಡನ್ನೂ ಕೂಡಿಸಿಯೋ ತುಂಬಿಕೊಡಬೇಕು. ಬರಿಯ ಬಲದಿಂದ ಬಾಗಿಸಹೊರಟವನ ತಗಡು ಸುಕ್ಕುಗಟ್ಟುವುದು ಈ ಕಾರಣದಿಂದಲೇ.

ಒಂದು ಬದಿಯ ಭಾಗ ಪೂರ್ಣ ನಾಶವಾಗಿದ್ದರೆ ಇನ್ನೊಂದು ಬದಿಯ ನಮೂನೆಯನ್ನು ಮಗುಚಿ ಬಳಸಬಹುದು. ಆದರೆ ಹಳೆಯ ಲಾರಿಯ ಎರಡೂ ಬದಿಗಳು ಸಮವಾಗಿಯೇ ಇರುತ್ತವೆಂದು ನಂಬುವಂತಿಲ್ಲ. ಎಂದೋ ಆದ ಅಪಘಾತದ ದುರಸ್ತಿ ಬಣ್ಣದಡಿ ಅಡಗಿರಬಹುದು. ಬೋಲ್ಟಿನ ತೂತುಗಳ ಸ್ಥಾನವನ್ನು ಚಾಸಿಸ್ಸಿನ ನಡುಗೆರೆಯಿಂದ ಎರಡೂ ಕಡೆ ಅಳೆದು ತಾಳೆ ನೋಡಿದ ನಂತರವೇ ನಮೂನೆಯನ್ನು ಅಂಗೀಕರಿಸಬೇಕು.

ಗುರುತು ಹಾಕುವುದು ಮತ್ತು ಕತ್ತರಿಸುವುದು

ಬೋಲ್ಟು ಕೂರುವ ನೇರ ಮಡಿಕೆಗೆ ಬಾಗಿನ ಲೆಕ್ಕ ಅಗತ್ಯ. 1.2 ಮಿ.ಮೀ. ತಗಡಿನಲ್ಲಿ ಒಳತ್ರಿಜ್ಯವೂ 1.2 ಮಿ.ಮೀ. ಇರುವಂತೆ ಲಂಬಕೋನದ ಮಡಿಕೆ ಮಾಡಿದರೆ, ಬಾಗಿನಲ್ಲಿ ಸೇರುವ ತಗಡಿನ ಉದ್ದ ಸುಮಾರು 2.7 ಮಿ.ಮೀ. ಹೊರಅಳತೆ 100 ಮಿ.ಮೀ. ಮತ್ತು 20 ಮಿ.ಮೀ. ಬರಬೇಕಾದರೆ ಎರಡರಿಂದಲೂ ದಪ್ಪ ಹಾಗೂ ತ್ರಿಜ್ಯ ಸೇರಿ 2.4 ಮಿ.ಮೀ. ಕಳೆದು, ಈ 2.7 ಅನ್ನು ಕೂಡಿಸಬೇಕು: 97.6, 17.6 ಮತ್ತು 2.7 ಸೇರಿ 117.9 ಮಿ.ಮೀ. ಹಾಳೆಯನ್ನು 120 ಮಿ.ಮೀ. ಕತ್ತರಿಸಿದರೆ ಪ್ರತಿ ಮಡಿಕೆಗೂ 2 ಮಿ.ಮೀ.ನಷ್ಟು ಹೆಚ್ಚಾಗಿ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ.

ತಂತಿಯಿಟ್ಟು ಸುರುಳುವ ಅಂಚಿಗೆ ತಂತಿಯ ವ್ಯಾಸದ ಸುಮಾರು ಎರಡೂವರೆ ಪಟ್ಟು ತಗಡನ್ನು ಹೆಚ್ಚಾಗಿ ಬಿಡುವುದು ರೂಢಿ, 5 ಮಿ.ಮೀ. ತಂತಿಗೆ 12.5 ಮಿ.ಮೀ. ದಪ್ಪ ತಗಡಿಗೆ ಇದು ಸ್ವಲ್ಪ ಹೆಚ್ಚಬೇಕಾದೀತು. ಆದುದರಿಂದ ಅದೇ ಹಾಳೆಯ ಚಿಕ್ಕ ತುಂಡಿನ ಮೇಲೆ ಮೊದಲು ಪರೀಕ್ಷಿಸುವುದು ಲೇಸು. ಬೆಸುಗೆ ಸೇರುವ ಅಂಚಿನಲ್ಲಿ 20 ಮಿ.ಮೀ. ಹೆಚ್ಚುವರಿ ಬಿಟ್ಟು, ಆಕಾರ ಬಂದ ಮೇಲೆಯೇ ಅದನ್ನು ಗೆರೆಗೆ ಕತ್ತರಿಸಬೇಕು. ಕತ್ತರಿಸಿದ ಅಂಚಿನ ಮುಳ್ಳುಗಳನ್ನು ಅರದಿಂದ ನಯಗೊಳಿಸತಕ್ಕದ್ದು. ಬಿರುಕು ಹುಟ್ಟುವುದು ಅಲ್ಲಿಂದಲೇ.

ಆಕಾರ ಕೊಡುವುದು

ತಾಮ್ರದ ಹಂಡೆ ತಟ್ಟುವ ಕಂಚುಗಾರನ ವಿದ್ಯೆಯೂ ಇದೂ ಮೂಲದಲ್ಲಿ ಒಂದೇ. ಮರಳು ತುಂಬಿದ ತೊಗಲಿನ ಚೀಲದ ಮೇಲೆ ತಗಡನ್ನಿಟ್ಟು, ದುಂಡು ತಲೆಯ ಮರದ ಕೊಡತಿಯಿಂದ ಹೊಡೆದರೆ ಆ ಸ್ಥಳ ಹಿಗ್ಗಿ ಗುಳಿಯಾಗುತ್ತದೆ. ಬೆನ್ನಿನ ಗೆರೆಯಿಂದ ಆರಂಭಿಸಿ, ಏಟುಗಳನ್ನು ಒಂದರ ಪಕ್ಕ ಒಂದರಂತೆ ಸಾಲಾಗಿ ಕೊಡುತ್ತ ಹೊರಕ್ಕೆ ಬರಬೇಕು. ಒಂದೇ ಕಡೆ ಆಳಕ್ಕೆ ಹೊಡೆದರೆ ತಗಡು ತೆಳುವಾಗಿ ಬಿರಿಯುತ್ತದೆ. ಈ ಹಂತದಲ್ಲಿ ತಗಡು ವಾಲ್‌ನಟ್ ಕಾಯಿಯಂತೆ ಉಬ್ಬುತಗ್ಗಾಗಿ ಕಾಣುವುದು ಸಹಜ, ಗಾಬರಿಪಡಬೇಕಾಗಿಲ್ಲ.

ಅನಂತರ ಅಂಚನ್ನು ಕುಗ್ಗಿಸುವ ಕೆಲಸ. ಅಂಚಿನಲ್ಲಿ ಇಕ್ಕಳದಿಂದ ಸಮಾನ ಅಂತರದ ನೆರಿಗೆಗಳನ್ನು ಹಿಡಿದು, ಪ್ರತಿ ನೆರಿಗೆಯ ಬಾಯನ್ನು ಮೊದಲು ಬಿಗಿ ಮಾಡಿ, ಒಳಗಿನಿಂದ ಅಂಚಿನ ಕಡೆಗೆ ತಟ್ಟುತ್ತ ನೆರಿಗೆಯನ್ನು ತಗಡಿನೊಳಗೇ ಅಡಗಿಸಬೇಕು. ನೆರಿಗೆ ಮಡಚಿ ಒಂದರ ಮೇಲೊಂದು ಬಿದ್ದರೆ ಅಲ್ಲಿ ಬಿರುಕು ಖಚಿತ. ತಗಡು ಏಟಿನಿಂದ ಪೆಡಸಾದರೆ ಮಂದ ಕೆಂಪಾಗುವವರೆಗೆ ಕಾಯಿಸಿ, ನೀರು ಹಾಕದೆ ತಾನಾಗಿ ಆರಲು ಬಿಡಬೇಕು. ಅದು ಮತ್ತೆ ಮಣಿಯುವ ಹದಕ್ಕೆ ಬರುತ್ತದೆ.

ಪ್ರತಿ ಸುತ್ತಿನ ನಂತರವೂ ಕಮಾನಿಟ್ಟು ನೋಡಬೇಕು. ಕಮಾನಿನ ನಡುವೆ ಬೆಳಕು ಕಂಡರೆ ಬೆನ್ನು ಇನ್ನೂ ಏರಬೇಕು. ತುದಿಗಳಲ್ಲಿ ಕಂಡರೆ ಏರಿದ್ದು ಹೆಚ್ಚಾಗಿದೆ. ಆಕಾರ ಕೂಡಿಬಂದ ಮೇಲೆ ಒಳಗೆ ಡಾಲಿ ಹಿಡಿದು ಹೊರಗಿನಿಂದ ಚಪ್ಪಟೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಅಥವಾ ಇಂಗ್ಲಿಷ್ ವ್ಹೀಲ್ ಎಂಬ ಜೋಡಿ ಉರುಳೆಗಳ ನಡುವೆ ಹಾಯಿಸಿ, ಮೇಲ್ಮೈಯನ್ನು ನಯಗೊಳಿಸಲಾಗುತ್ತದೆ. ಸಾಧನ ಸೌಕರ್ಯ ಕಡಿಮೆಯಿರುವ ಕಾರ್ಯಾಗಾರಗಳು ಒಂದೇ ಹಾಳೆಯಲ್ಲಿ ಇಷ್ಟೆಲ್ಲ ಮಾಡುವ ಬದಲು ಭಾಗವನ್ನು ಎರಡು ಅಥವಾ ಮೂರು ತುಂಡುಗಳಾಗಿ ರೂಪಿಸಿ ಕೂಡಿಸಬಹುದು. ಅದು ಕೀಳು ವಿಧಾನವೇನೂ ಅಲ್ಲ. ಆದರೆ ಪ್ರತಿ ಬೆಸುಗೆಯೂ ಹೆಚ್ಚಿನ ನಯಗೊಳಿಸುವ ಕೆಲಸವನ್ನು ತರುತ್ತದೆ.

ಬೆಸುಗೆಯ ಅಪಾಯ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಈ ಹಂತಕ್ಕೆ ಸರಿಯಾಗಿ ಹೊಂದುತ್ತದೆ. ಎರಡು ದಿನ ತಟ್ಟಿ ತಂದ ಆಕಾರವನ್ನು ಅವಸರದ ಬೆಸುಗೆ ಹತ್ತು ನಿಮಿಷದಲ್ಲಿ ಕೆಡಿಸಬಲ್ಲುದು. ಕಾರಣ ಸರಳ. ಕಾದ ಉಕ್ಕು ಹಿಗ್ಗಬಯಸುತ್ತದೆ. ಸುತ್ತಲಿನ ತಣ್ಣನೆಯ ತಗಡು ಅದಕ್ಕೆ ಎಡೆಗೊಡುವುದಿಲ್ಲ. ಹೀಗೆ ಒತ್ತಡಕ್ಕೆ ಸಿಕ್ಕಿದ ಲೋಹ ಅಲ್ಲಿಯೇ ದಪ್ಪಗಾಗಿ, ಆರುವಾಗ ಮೊದಲಿಗಿಂತ ಗಿಡ್ಡವಾಗುತ್ತದೆ. ಬೆಸುಗೆಯ ಗೆರೆ ಸುತ್ತಲಿನ ತಗಡನ್ನು ಎಳೆದುಕೊಂಡು ಅಲೆಅಲೆಯಾಗಿಸುವುದು ಹೀಗೆ.

ಆದುದರಿಂದ ತುಂಡುಗಳನ್ನು ಒಂದರ ಮೇಲೊಂದು ಹೇರದೆ ಅಂಚಿಗೆ ಅಂಚು ಕೂಡಿಸಬೇಕು. ಹೇರಿದ ಕೂಡಿಕೆಯ ನಡುವೆ ನೀರು ಸೇರಿ ತುಕ್ಕು ಮರಳಿ ಬರುತ್ತದೆ. ನಡುವಣ ಸಂದು ತಗಡಿನ ದಪ್ಪವನ್ನು ಮೀರಬಾರದು. ಮೊದಲು 25ರಿಂದ 30 ಮಿ.ಮೀ.ಗೊಂದರಂತೆ ಚುಕ್ಕೆ ಬೆಸುಗೆಗಳನ್ನು ಹಾಕಬೇಕು. ಒಂದು ಎಡತುದಿಗೆ, ಮುಂದಿನದು ಬಲತುದಿಗೆ, ಅನಂತರ ನಡುವಿಗೆ ಎಂಬಂತೆ ಸ್ಥಳ ಬದಲಿಸುತ್ತಿರಬೇಕು. ಕೈಯಿಂದ ಮುಟ್ಟಬಹುದಾದಷ್ಟು ಆರಿದ ಮೇಲೆಯೇ ಪಕ್ಕದ ಚುಕ್ಕೆ. ಒದ್ದೆ ಬಟ್ಟೆಯಿಟ್ಟು ಅವಸರದಿಂದ ಆರಿಸುವುದು ಸಲ್ಲ. ಆರಿದ ಬೆಸುಗೆಯನ್ನು ಡಾಲಿಯ ಮೇಲಿಟ್ಟು ತಟ್ಟಿದರೆ ಕುಗ್ಗಿದ ಲೋಹ ಮತ್ತೆ ಹಿಗ್ಗಿ ತಗಡು ಸಮವಾಗುತ್ತದೆ. ಗ್ಯಾಸ್ ಅಥವಾ ಟಿಗ್ ಬೆಸುಗೆ ಹೀಗೆ ತಟ್ಟಲು ಮೃದುವಾಗಿರುತ್ತದೆ. ಮಿಗ್ ಬೆಸುಗೆ ವೇಗದ್ದು, ಆದರೆ ಅದರ ಗೆರೆ ಪೆಡಸು. ಅದನ್ನು ಬಳಸುವಾಗ 0.8 ಮಿ.ಮೀ. ಅಥವಾ ಅದಕ್ಕೂ ತೆಳು ತಂತಿ ಇರಲಿ.

ಪೂರ್ಣ ಬೆಸುಗೆಗೆ ಮುನ್ನ, ಚುಕ್ಕೆಗಳ ಮೇಲೆಯೇ ಭಾಗವನ್ನು ಲಾರಿಗೆ ಜೋಡಿಸಿ ನೋಡುವುದು ಕಡ್ಡಾಯ. ಬಾನೆಟ್ ಸರಾಗವಾಗಿ ಮುಚ್ಚುವುದೇ, ಸ್ಟಿಯರಿಂಗ್ ಎರಡೂ ಕಡೆಗೆ ಪೂರ್ಣ ತಿರುಗಿದಾಗ ಟೈರು ತಗಲುವುದೇ, ಹೊರೆ ಬಿದ್ದು ಪಟ್ಟಿ ಸ್ಪ್ರಿಂಗು ಕುಗ್ಗಿದಾಗಲೂ ಅಂತರ ಉಳಿಯುವುದೇ ಎಂಬ ಮೂರನ್ನೂ ಪರೀಕ್ಷಿಸಬೇಕು. ಟೈರಿಗೆ ಉಜ್ಜುವ ಮಡ್‌ಗಾರ್ಡ್ ನೋಡಲು ಎಷ್ಟೇ ಅಂದವಾಗಿದ್ದರೂ ಅಪಾಯಕಾರಿಯೇ. ವಾಹನದ ಮೇಲೆಯೇ ಬೆಸೆಯಬೇಕಾದಲ್ಲಿ ಬ್ಯಾಟರಿಯ ತಂತಿಗಳನ್ನು ಕಳಚಿ, ಇಂಧನದ ಟ್ಯಾಂಕ್ ಹಾಗೂ ಕೊಳವೆಗಳನ್ನು ದೂರವಿರಿಸಿ, ಬೆಂಕಿ ನಂದಿಸುವ ಸಾಧನವನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವವುಂಟು. ಅವುಗಳನ್ನು ಒದ್ದೆ ಮಾಡಿಯೇ ಉಜ್ಜಬೇಕು, ಮುಖವಾಡವಿಲ್ಲದೆ ಉಜ್ಜಬಾರದು.

ತುಕ್ಕಿನಿಂದ ರಕ್ಷಣೆ

ಹೊಸ ತಗಡು ಹಳೆಯದಕ್ಕಿಂತ ಬೇಗ ತುಕ್ಕು ಹಿಡಿದ ನಿದರ್ಶನಗಳಿವೆ. ಹೊರಮೈಗೆ ಹೊಳಪು ಬಣ್ಣ ಕೊಟ್ಟು ಒಳಮೈಯನ್ನು ಮರೆತದ್ದೇ ಇದಕ್ಕೆ ಕಾರಣ. ಎಣ್ಣೆಯ ಅಂಶವನ್ನು ತೊಡೆದು, ಮಳೆಗಾಲದಲ್ಲಿಯಂತೂ ಬರಿ ತಗಡನ್ನು ಒಂದು ರಾತ್ರಿಯೂ ಬಿಡದೆ, ಎರಡೂ ಬದಿಗೆ ಎಪಾಕ್ಸಿ ಪ್ರೈಮರ್ ಕೊಡಬೇಕು. ತಂತಿಯ ಸುರುಳಿಯೊಳಗೆ ಸುರುಳುವ ಮೊದಲೇ ಸತುವಿನ ಪ್ರೈಮರ್ ಹಚ್ಚಬೇಕು. ಆಮೇಲೆ ಅಲ್ಲಿಗೆ ಕುಂಚ ಹೋಗದು. ಪಟ್ಟಿಯ ದಪ್ಪ 3 ಮಿ.ಮೀ. ಮೀರಿದರೆ ತಗಡಿನ ಕೆಲಸ ಮುಗಿದಿಲ್ಲವೆಂದೇ ಅರ್ಥ.

ಕಾನೂನಿನ ಎಲ್ಲೆ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣವು ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಮೂಲ ಆಕಾರದಲ್ಲಿಯೇ ಮಡ್‌ಗಾರ್ಡನ್ನು ಬದಲಿಸುವುದು ದುರಸ್ತಿ. ವಾಹನದ ಅಳತೆಯನ್ನೇ ಬದಲಿಸುವುದು ಬೇರೆಯ ಮಾತು. ವಿನ್ಯಾಸಗಳ ಅಧಿನಿಯಮ, 2000ರ ಪ್ರಕಾರ ನೋಂದಾಯಿತ ವಿನ್ಯಾಸಕ್ಕೆ 10 ವರ್ಷ, ವಿಸ್ತರಿಸಿದರೆ ಇನ್ನೂ 5 ವರ್ಷ ರಕ್ಷಣೆಯಿರುತ್ತದೆ. ಅರ್ಧ ಶತಮಾನ ಹಿಂದಿನ ಭಾಗದ ಆಕಾರಕ್ಕೆ ಈ ಅಡ್ಡಿ ಬಾರದು. ಆದರೆ ವ್ಯಾಪಾರ ಚಿಹ್ನೆಯ ಹಕ್ಕು ನವೀಕರಣವಾಗುತ್ತ ಹೋಗಬಲ್ಲುದು. ಕಾರ್ಯಾಗಾರದಲ್ಲಿ ತಯಾರಾದ ಭಾಗದ ಮೇಲೆ ಮೂಲ ಕಂಪನಿಯ ಹೆಸರನ್ನಾಗಲಿ ಲಾಂಛನವನ್ನಾಗಲಿ ಒತ್ತಬಾರದು. ‘ಕಂಪನಿಯ ಭಾಗ’ ಎಂದು ಮಾರಲೂ ಬಾರದು.

ಬೆಲೆ ಕಟ್ಟುವುದು

ಕೈಕೆಲಸ ಚೆನ್ನಾಗಿ ಬಲ್ಲ ಅನೇಕ ಕಾರ್ಯಾಗಾರಗಳು ನಷ್ಟ ಅನುಭವಿಸುವುದು ಇಲ್ಲಿಯೇ. ತಗಡಿನ ಬೆಲೆಯ ಎರಡು ಮೂರು ಪಟ್ಟು ಹೇಳುವ ಅಭ್ಯಾಸ ಚಪ್ಪಟೆ ಕೆಲಸಕ್ಕೆ ಸರಿಹೋದೀತು, ಜೋಡಿ ಬಾಗಿಗೆ ಅಲ್ಲ. ಕೇವಲ ಲೆಕ್ಕದ ಅನುಕೂಲಕ್ಕಾಗಿ ಕೆಲವು ದರಗಳನ್ನು ಊಹಿಸಿಕೊಳ್ಳೋಣ. ಉಳಿಕೆ ತುಂಡುಗಳೂ ಸೇರಿ 10 ಕಿ.ಗ್ರಾಂ. ತಗಡು, ಕಿಲೋಗೆ 80 ರೂ.ನಂತೆ 800 ರೂ. ದುಡಿಮೆ: ನಮೂನೆಗೆ 3 ಗಂಟೆ, ಕತ್ತರಿಸಿ ಮಡಿಸಲು 2, ಆಕಾರಕ್ಕೆ 9, ಜೋಡಿಸಿ ನೋಡಲು 3, ಬೆಸುಗೆ ಮತ್ತು ನಯಗೊಳಿಸಲು 5, ಪ್ರೈಮರಿಗೆ 2, ಒಟ್ಟು 24 ಗಂಟೆ. ಗಂಟೆಗೆ 200 ರೂ.ನಂತೆ 4,800 ರೂ. ಅನಿಲ, ತಂತಿ, ವಿದ್ಯುತ್ತು, ಪ್ರೈಮರ್ 900 ರೂ. ಬಾಡಿಗೆ ಹಾಗೂ ಉಪಕರಣಗಳ ಸವಕಳಿಗೆ ದುಡಿಮೆಯ ಶೇ. 20ರಂತೆ 960 ರೂ. ಅಸಲು ವೆಚ್ಚವೇ 7,460 ರೂ. ಆಯಿತು. ಶೇ. 15 ಲಾಭ ಸೇರಿಸಿದರೆ 8,579 ರೂ. ತಗಡಿನ ಮೂರು ಪಟ್ಟು ಎಂದು 2,400 ರೂ. ಹೇಳಿದವನು ತನ್ನ ಕೈಯಿಂದ 5,060 ರೂ. ಕಳೆದುಕೊಂಡಂತೆ. ಅದು ನಗದಾಗಿ ಹೋಗದೆ ಅವನ ಮತ್ತು ಅವನ ಕೆಲಸಗಾರರ ದುಡಿಮೆಯಲ್ಲಿ ಹೋಗುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಇದೇ ಲೆಕ್ಕದ ಇನ್ನೊಂದು ಮುಖವೂ ಉಂಟು. ಕಮಾನುಗಳೂ ಕಾಗದದ ನಮೂನೆಯೂ ಸಿದ್ಧವಿದ್ದು, ಕೈಗೂ ಕೆಲಸ ಪರಿಚಿತವಾಗಿ, ಎರಡನೆಯ ತುಂಡು 17 ಗಂಟೆಯಲ್ಲಿ ಮುಗಿಯುವುದಾದರೆ ಅಸಲು 5,780 ರೂ.ಗೆ ಇಳಿಯುತ್ತದೆ. ನಮೂನೆಯನ್ನು ಮೂಲೆಗೆಸೆಯುವ ಕಾರ್ಯಾಗಾರ ಈ 1,680 ರೂ.ಗಳನ್ನು ಮೂಲೆಗೆಸೆದಂತೆ. ಪ್ರತಿ ನಮೂನೆಯ ಮೇಲೆ ಲಾರಿಯ ಮಾದರಿ, ಬದಿ, ತಗಡಿನ ದಪ್ಪ ಮತ್ತು ದಿನಾಂಕ ಬರೆದು, ಹಿಡಿದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸಬೇಕು. ಮುಂದಿನ ಅಂದಾಜು ಪಟ್ಟಿಗೆ ಅದೇ ಆಧಾರ. ಗ್ರಾಹಕರಿಗೂ ಕೆಲಸ ಆರಂಭಿಸುವ ಮುನ್ನವೇ ಲಿಖಿತ ಅಂದಾಜನ್ನು ಕೊಟ್ಟು, ಬಣ್ಣ ತೆಗೆದ ಮೇಲೆ ಹೆಚ್ಚಿನ ಹಾನಿ ಕಂಡುಬಂದರೆ ಮರು ಅಂದಾಜಿಗೆ ಒಪ್ಪಿಗೆ ಪಡೆಯುವುದು ಇಬ್ಬರಿಗೂ ಕ್ಷೇಮ.

ಈ ವಿದ್ಯೆ ಬಹುಮಟ್ಟಿಗೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ಹಿರಿಯ ಟಿಂಕರನು ಏಟಿನ ಸದ್ದಿನಿಂದಲೇ ತಗಡು ಪೆಡಸಾದುದನ್ನು ಅರಿಯುತ್ತಾನೆ. ಆದರೆ ಕಮಾನಿನ ಲೆಕ್ಕ ಬರೆದಿಟ್ಟಿರುವುದಿಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಯಿಂದ ಬಂದ ತರುಣನು ಬಾಗಿನ ಲೆಕ್ಕ ಮಾಡಬಲ್ಲ. ಆದರೆ ಸದ್ದನ್ನು ಬಲ್ಲವನಲ್ಲ. ಒಂದು ಹಳೆಯ ಲಾರಿಯ ಮಡ್‌ಗಾರ್ಡನ್ನು ಇವರಿಬ್ಬರೂ ಜೊತೆಯಾಗಿ ಮಾಡಿದರೆ ಗ್ರಾಹಕರಿಗೆ ಭಾಗ ದೊರೆಯುತ್ತದೆ, ಕಾರ್ಯಾಗಾರದ ಗೋಡೆಯ ಮೇಲೆ ಮುಂದಿನ ಕೆಲಸಕ್ಕೆ ನಮೂನೆ ಉಳಿಯುತ್ತದೆ, ಹಿರಿಯನ ತರುವಾಯವೂ ಆ ಕೆಲಸವನ್ನು ಒಪ್ಪಿಕೊಳ್ಳಬಲ್ಲ ಕೈಯೊಂದು ಅಲ್ಲಿ ತಯಾರಾಗಿರುತ್ತದೆ.